ಬ್ರಿಜಿಡಳ ಹೊದಿಕೆಯಷ್ಟು ಜಾಗ

ಮಾನ್ಯ ಫಿಂಟನ್ ಗೆರಟಿಯವರಿಗೆ,

ನಮ್ಮ ಹೆಣಿಗೆ ಸಂಘ ನಿಮ್ಮ ಅಂಗಡಿಯ ಮಹಡಿಯ ಕೋಣೆಯನ್ನು ಇಂದು ಖಾಲಿ ಮಾಡಬೇಕಿತ್ತು. ಮಾಡಿಲ್ಲ. ಕಾರಣ ಹೇಳುತ್ತೇನೆ.

ನಿನ್ನೆ ಸಂತ ಬ್ರಿಜಿಡಳ ಹಬ್ಬವನ್ನು ಅಲ್ಲೇ ಆಚರಿಸಿದೆವು. ಜೊಂಡುಹುಲ್ಲಿನ ಶಿಲುಬೆ ಹೆಣೆದು, ಚಹಾ ಕುಡಿದೆವು. ಹಿರಿಯಳಾದ ಡಿಂಪ್ನಾ ಎಂದಿನಂತೆ ಹಬ್ಬದ ಕಥೆ ಹೇಳಿದಳು. ಮಠ ಕಟ್ಟಲು ಬ್ರಿಜಿಡ್ ಜಾಗ ಕೇಳಿದಾಗ, ಜಿಪುಣ ರಾಜ "ನಿನ್ನ ಹೊದಿಕೆ ಮುಚ್ಚುವಷ್ಟು ತಗೋ" ಎಂದು ನಕ್ಕನಂತೆ. ನಾಲ್ವರು ಹುಡುಗಿಯರು ಅದರ ನಾಲ್ಕು ತುದಿ ಹಿಡಿದು ಓಡಿದರಂತೆ, ಹೊದಿಕೆ ಹಿಗ್ಗುತ್ತಾ ಬಯಲೆಲ್ಲ ಮುಚ್ಚಿತಂತೆ.

ಕಳೆದ ಬೇಸಿಗೆಯಲ್ಲಿ ಜಾಗ ಬಿಡಲು ಹೇಳಿದಾಗ ನೀವೂ ಪಾದ್ರಿಗಳ ಎದುರಿಗೇ ನಕ್ಕು ಅಂದಿರಿ: "ನಿಮ್ಮ ಹೊದಿಕೆ ಮುಚ್ಚೋವಷ್ಟು ನೆಲ ಇಟ್ಕೊಳ್ಳಿ, ಮಿಕ್ಕಿದ್ದು ನನ್ನ ಗೋದಾಮಿಗೆ." ನಾವು ಅಂದೇ ಕೋಣೆಯಗಲದ ಹೊದಿಕೆ ಹೆಣೆಯಲು ಕೂತೆವು.

ನಿನ್ನೆ ಕಥೆ ಮುಗಿದ ಮೇಲೆ ನಾಲ್ವರು ಅಜ್ಜಿಯರು ಆ ಹೊದಿಕೆಯ ನಾಲ್ಕು ತುದಿ ಹಿಡಿದು ಗೋಡೆಗಳತ್ತ ಹೊರಟರು. ಓಟವೆನ್ನಲಾರೆ, ಒಬ್ಬಳಿಗೆ ಮಂಡಿನೋವು. ಕಿಟಕಿಯ ಕೆಳಗೆ ಮಾತ್ರ ಮೊಳದಷ್ಟು ನೆಲ ಉಳಿಯಿತು. ಆಗ ನಿಮ್ಮ ಮನೆಯವರು, ನಮ್ಮ ಸಂಘದ ನೂಲಾ, ಹೆಗಲ ಶಾಲು ತೆಗೆದು ಅಲ್ಲಿ ಹಾಸಿದರು.

"ಇದನ್ನೂ ಸೇರಿಸಿ ಹೊಲಿದುಬಿಡ್ರೇ. ಅವ್ರಿಗೆ ನಾನು ಹೇಳ್ಕೋತೀನಿ."

ಆಮೇಲಿನ ನಗು ಕೆಳಗಿನ ಅಂಗಡಿಗೂ ಕೇಳಿಸಿರಬೇಕು.

ದಯವಿಟ್ಟು ಬಂದು ನೋಡಿ. ನಿಮ್ಮ ಪಾಲಿನ ಕೇಕು ಎತ್ತಿಟ್ಟಿದ್ದೇವೆ. ಬೂಟು ಮಾತ್ರ ಮೆಟ್ಟಿಲ ಬಳಿಯೇ ಬಿಡಿ. ಒಳಗೆ ಕಾಲಿಡಲು ನಿಮ್ಮ ನೆಲ ಉಳಿದಿಲ್ಲ.

ಇನ್ನೂ ನಿಮ್ಮ ಬಾಡಿಗೆದಾರಳು,
ಅಟ್ರಾಕ್ಟಾ ಡಿಗ್ನನ್