ಶಿಳ್ಳೆ ಹಾಕಿದವರು ಹೊರಗೆ

ಅಪ್ಪಾ,

ನೀನು ಪರದೆ ಎಳೆಯುತ್ತಿದ್ದ ಲಿರಿಕ್ ಥಿಯೇಟರನ್ನು ಕೆಡವಲು ಇವತ್ತು ಕಂಟ್ರಾಕ್ಟರ್ ಹಸ್ಕಿನ್ಸ್ ಬಂದಿದ್ದ. ರಂಗದ ಮೇಲೆ ನಿಂತು ಶಿಳ್ಳೆ ಹಾಕಿದ!

“ಶಿಳ್ಳೆಯೇ ಸನ್ನೆ ಅಂತ ಮೇಲೆ ಹಗ್ಗ ಹಿಡಿದೋರು ಕೆಳಗಿದ್ದೋರ ತಲೆ ಮೇಲೇ ಮರಳುಮೂಟೆ ಇಳಿಸ್ತಿದ್ದ ಜಾಗ ಇದು. ಹೊರಗೆ ನಡಿ! ಅಪಶಕುನ ಕಳೆಯೋಕೆ ಮೂರು ಸುತ್ತು ಸುತ್ತಿ ಬಾಗಿಲು ತಟ್ಟು, ಆಮೇಲೆ ಒಳಗೆ ಕರೀತೀನಿ” ಅಂದೆ.

“ನಿಮ್ಮಪ್ಪನ ಹುಚ್ಚು ನಿನಗೂ ಹತ್ತಿದೆಯಲ್ಲ, ತಾಯಿ!” ಅಂತ ನಗುತ್ತಾ ಹೊರಗೆ ಹೋದ. ನಾನು ಅಗುಳಿ ಹಾಕಿದೆ.

ನನ್ನ ಹದಿನಾರನೇ ವಯಸ್ಸಿನಲ್ಲಿ, ಶಿಳ್ಳೆ ಹಾಕಿದ್ದಕ್ಕೆ ನೀನು ನನ್ನನ್ನೂ ಹೀಗೇ ಹೊರಗಟ್ಟಿದ್ದೆ. ನಾನು ಬಾಗಿಲು ತಟ್ಟದೆ ಹಾಗೇ ಹೋಗಿ ಶಿಕಾಗೋ ರೈಲು ಹತ್ತಿದೆ. ಆಟ ಮುಗಿದು ದೀಪ ಆರಿದರೂ ನಾನು ತಟ್ಟುತ್ತೇನೆಂದು ನೀನು ಬಾಗಿಲ ಹಿಂದೆಯೇ ಕಾದು ನಿಂತಿದ್ದೆಯಂತೆ, ಅಮ್ಮ ಹೇಳಿದಳು.

ಹಸ್ಕಿನ್ಸ್ ಇನ್ನೂ ತಟ್ಟುತ್ತಿದ್ದಾನೆ. ತಟ್ಟಲಿ. ಈ ಬಾಗಿಲು ಬಿಟ್ಟು ಇನ್ನೊಂದು ಸಲ ಹೋಗುವವಳಲ್ಲ ನಾನು.

ನಿನ್ನ ಡೋರಾ