ನಿನ್ನನ್ನು ಕೇಳದೆ ಕೊಟ್ಟ ಉತ್ತರ

ಮನೆಯಿಂದ,
ಹದಿನೇಳನೇ ತಾರೀಖು, ಭಾನುವಾರ ಮಧ್ಯಾಹ್ನ

ನನ್ನ ಮುದ್ದಿನ ಮಗಳಿಗೆ,

ಹೇಗಿದ್ದೀಯಮ್ಮ? ಹೊಲಿಗೆ ಹಾಕಿದ ಜಾಗ ಪೂರ್ತಿ ಒಣಗಿತೇ? ಬಗ್ಗಿ ಎದ್ದಾಗ ಈಗಲೂ ಎಳೆಯುತ್ತದೆಯೇ? ನೀನು ಮತ್ತೆ ಕೆಲಸಕ್ಕೆ ಹೋಗುತ್ತಿದ್ದೀಯ ಅಂತ ನಿನ್ನ ಹಲ್ಲಿನ ಲ್ಯಾಬಿನ ಆ ದಪ್ಪ ಕನ್ನಡಕದ ಹುಡುಗಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಹೇಳಿದಳು. ಸ್ಟೂಲಿನ ಮೇಲೆ ಗಂಟೆಗಟ್ಟಲೆ ಒಂದೇ ಸಮ ಕೂರಬೇಡ, ನಡುನಡುವೆ ಎದ್ದು ಓಡಾಡು. ಅಳಿಯಂದಿರು ಹೇಗಿದ್ದಾರೆ? ಅವರ ಬಡಗಿ ಕೆಲಸ ಈಗ ಊರಲ್ಲೇ ಇದೆಯೋ, ಮತ್ತೆ ಬೀರು ಕೂರಿಸೋಕೆ ಅಂತ ಪರಊರಿಗೆ ಹೋಗುತ್ತಾರೋ? ನನ್ನ ಆರೋಗ್ಯಕ್ಕೇನೂ ಧಾಡಿಯಿಲ್ಲ. ನೀನು ಮಾಡಿಕೊಟ್ಟ ಹಲ್ಲಿನ ಸೆಟ್ಟು ಕಲ್ಲಿನಂತೆ ಕೂತಿದೆ. ಅದು ಬಂದ ಮೇಲೆ ಮೈಕಿನಲ್ಲಿ ನನ್ನ 'ಸ'ಕಾರ ಸರಿಯಾಯಿತು ಅಂತ ಡ್ರೈವರುಗಳೆಲ್ಲ ತಮಾಷೆ ಮಾಡುತ್ತಾರೆ. ಮೂವತ್ತೊಂದು ವರ್ಷದಿಂದ ಯಾವ ಬಸ್ಸು ಎಲ್ಲಿಗೆ, ಯಾವ ಪ್ಲಾಟ್‌ಫಾರಂ ಕಟ್ಟೆಯಿಂದ, ಎಷ್ಟು ಹೊತ್ತಿಗೆ ಅಂತ ಊರಿಗೆಲ್ಲ ಕೂಗಿ ಹೇಳಿದವನು ನಾನು. ಮನೆಯಲ್ಲಿದ್ದ ಒಬ್ಬ ಮಗಳಿಗೆ ಹೇಳಬೇಕಾದ್ದನ್ನು ಹೇಳಲಿಲ್ಲ.

ನನ್ನ ಹನ್ನೆರಡು ಮೆಸೇಜಿಗೂ ನೀನು ಉತ್ತರ ಕೊಟ್ಟಿಲ್ಲ. ಕೊಡದಿದ್ದದ್ದೇ ಒಳ್ಳೆಯದಾಯಿತು. "ಊಟ ಆಯ್ತಾ", "ಹುಷಾರಾ" ಅಂತ ಕೇಳಿದ್ದಕ್ಕೆ ಏನಂತ ಉತ್ತರ ಕೊಡುತ್ತೀಯ? ಮೆಸೇಜಿನಲ್ಲಾದರೆ ನಾಲ್ಕು ಸಾಲಿಗೆ ನುಣುಚಿಕೊಂಡುಬಿಡುತ್ತೇನೆ ಅಂತಲೇ ಈವತ್ತು ಕಾಗದ ತಗೊಂಡು ಕೂತಿದ್ದೇನೆ. ಎರಡು ಹಾಳೆ ಹರಿದೆ. ಇದು ಮೂರನೆಯದು.

ಅವತ್ತು ಆಸ್ಪತ್ರೆಯಲ್ಲಿ ನಡೆದದ್ದನ್ನು ಮೊದಲಿನಿಂದ ಬರೆಯುತ್ತೇನೆ. ನೀನೂ ಅಲ್ಲೇ ಇದ್ದೆ, ಆದರೂ ನಿನಗೆ ಗೊತ್ತಿರುವುದು ಅರ್ಧವೇ. ನೀನು ಲ್ಯಾಬಿನಲ್ಲಿ ಹೊಟ್ಟೆ ಹಿಡಿದುಕೊಂಡು ಬಿದ್ದೆ ಅಂತ ಫೋನು ಬಂದಾಗ ಬೆಳಿಗ್ಗೆ ಹನ್ನೊಂದು ಗಂಟೆ. ನಾನು ಓಡಿ ಬಂದೆ. ನಿನ್ನ ಫೋನು ಲ್ಯಾಬಿನಲ್ಲೇ ಉಳಿದಿತ್ತು, ಅಳಿಯಂದಿರು ಪರಊರಿನಲ್ಲಿದ್ದರು. ಹಸಿರು ಪರದೆಯ ಆಚೆ ನೀನು ಮುದುಡಿ ಮಲಗಿದ್ದೆ. ಸ್ಕ್ಯಾನ್ ಮಾಡಿ ಬಂದ ಡಾಕ್ಟರಮ್ಮ ನಿನ್ನ ಕಡೆ ಒಂದು ಸಲ ನೋಡಿ, ಆಮೇಲೆ ನನ್ನ ಕಡೆ ತಿರುಗಿದರು. "ಗರ್ಭ ನಿಂತಿದೆ, ಆದರೆ ಗರ್ಭಕೋಶದಲ್ಲಲ್ಲ, ಪಕ್ಕದ ನಾಳದಲ್ಲಿ. ನಾಳ ಒಡೆಯೋ ಹಂತದಲ್ಲಿದೆ. ಒಡೆದರೆ ಜೀವಕ್ಕೇ ಅಪಾಯ. ಎರಡು ಗಂಟೆಯೊಳಗೆ ಆಪರೇಷನ್ ಮಾಡಬೇಕು, ಮಗು ಉಳಿಯಲ್ಲ" ಅಂದರು. ಹತ್ತಿರವಿದ್ದ ಎತ್ತರದ ನರ್ಸು ಫೈಲಿನ ಮೇಲೆ ಬರೆದಿದ್ದನ್ನು ನೋಡಿ, "ಇವರಿಗೆ ಕಿವಿ ಕೇಳಲ್ಲ ಅಲ್ವಾ? ಸನ್ನೆ ಭಾಷೆಯ ದುಭಾಷಿ ಇದ್ದಾರೆ. ಅರ್ಧ ಗಂಟೆಯಲ್ಲಿ ಬರ್ತಾರೆ, ಇಲ್ಲಾಂದ್ರೆ ವಿಡಿಯೋ ಕಾಲಿನಲ್ಲಿ ಈಗಲೇ ಸಿಗ್ತಾರೆ, ಕರೀಲಾ?" ಅಂತ ಕೇಳಿದಳು.

ನಾನು ಬೇಡ ಅಂದೆ. "ನಾನೇ ಅವಳ ಅಪ್ಪ, ನಾನು ಹೇಳ್ತೀನಿ ಬಿಡಿ" ಅಂದೆ.

ಅವಳು ಅಷ್ಟಕ್ಕೇ ಬಿಡಲಿಲ್ಲ. "ಕೇಳೋದು ರೋಗಿಯ ಹಕ್ಕು ಸಾರ್, ಗೋಡೆ ಮೇಲೆ ಬೋರ್ಡೇ ಇದೆ" ಅಂತ ಎರಡನೇ ಸಲವೂ ಹೇಳಿದಳು. ಆ ಬೋರ್ಡು ನನ್ನ ತಲೆಯ ಹಿಂದೆಯೇ ಇತ್ತು. ನಾನು ತಿರುಗಿಯೂ ನೋಡದೆ, "ಸುಮ್ನೆ ಹೊತ್ತು ಹೋಗುತ್ತೆ, ನಡೀರಿ" ಅಂತ ಗದರಿದೆ. ಹೊತ್ತಿನ ಚಿಂತೆ ನನಗಿರಲಿಲ್ಲ ಮಗಳೇ. ಯಾರೋ ಹೊರಗಿನವರು ಬಂದು ನಿನ್ನ ಹತ್ತಿರ ಸರಾಗವಾಗಿ ಮಾತಾಡಿಬಿಟ್ಟರೆ, ಇಪ್ಪತ್ತೊಂಬತ್ತು ವರ್ಷ ಸಾಕಿದ ಅಪ್ಪನಿಗೆ ಮಗಳ ಭಾಷೆಯೇ ಬರುವುದಿಲ್ಲ ಅನ್ನುವುದು ವಾರ್ಡಿಗೆಲ್ಲ ಗೊತ್ತಾಗುತ್ತಿತ್ತು. ನಿಮ್ಮಮ್ಮ ನಿನ್ನ ಶಾಲೆಗೆ ಹೋಗಿ ಬೆಂಚಿನಲ್ಲಿ ಕೂತು ಕಲಿತಳು. ನಾನು ಡ್ಯೂಟಿ ನೆಪ ಹೇಳಿದೆ. ಅವಳಿರುವವರೆಗೂ ನಿನಗೆ ನಾನು ಹೇಳಬೇಕಾದ್ದನ್ನೆಲ್ಲ ಅವಳ ಕೈಯಿಂದಲೇ ಹೇಳಿಸಿದೆ. ಅವಳು ಹೋದ ಆರು ವರ್ಷದಲ್ಲಿ ನನಗೆ ಬಂದದ್ದು ಊಟ, ನೀರು, ಬಾ, ಹೋಗು, ಮಲಗು, ಅಷ್ಟೇ. ನಾಯಿಗೂ ಇದಕ್ಕಿಂತ ಹೆಚ್ಚು ಹೇಳುತ್ತಾರೆ.

ನೀನು ನೋವಿನಲ್ಲೂ ನನ್ನ ತೋಳು ಹಿಡಿದೆಳೆದು, ಕೈ ಅಲ್ಲಾಡಿಸಿ "ಏನು? ಏನಂದ್ರು?" ಅಂತ ಕೇಳಿದೆ. ನಾನು ನಕ್ಕೆ. ಔಷಧಿ ಚೀಟಿಯ ಹಿಂಬದಿ "ಹೊಟ್ಟೆಯಲ್ಲಿ ಸಣ್ಣ ಗಂಟು. ತೆಗೀತಾರೆ. ಹೆದರಬೇಡ" ಅಂತ ಬರೆದು ತೋರಿಸಿದೆ. ನೀನು ನನ್ನ ಮುಖ ನೋಡಿದೆ, ನಂಬಿದೆ, ಅವರು ಕೊಟ್ಟ ಒಪ್ಪಿಗೆ ಕಾಗದಕ್ಕೆ ಓದದೆ ಸಹಿ ಹಾಕಿದೆ. ಅಳಿಯಂದಿರಿಗೂ "ಸಣ್ಣ ಆಪರೇಷನ್, ಅವಸರದಲ್ಲಿ ಬರೋದು ಬೇಡ" ಅಂತ ಮೆಸೇಜು ಹಾಕಿದೆ. ಆಮೇಲೆ ಹತ್ತು ದಿನ ನೀನು ನಮ್ಮನೆಯಲ್ಲೇ ಮಲಗಿದ್ದೆ. ದಿನಾ ಗಾಯ ತೋರಿಸಿ ಕೇಳುತ್ತಿದ್ದೆ, ನಾನು ದಿನಾ ಕೈ ಬೀಸಿ "ಆಮೇಲೆ" ಅನ್ನುತ್ತಿದ್ದೆ. ಹೇಳಿದರೆ ಅಳುತ್ತೀಯ, ಅತ್ತರೆ ಹೊಲಿಗೆ ಬಿಚ್ಚುತ್ತದೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿನ್ನ ಕಣ್ಣೀರು ಒರೆಸುವುದಕ್ಕೆ ನನ್ನ ಹತ್ತಿರ ಒಂದು ಮಾತೂ ಇರಲಿಲ್ಲ, ನಿಜ ಅದು.

ಹೊಲಿಗೆ ತೆಗೆಸೋಕೆ ಅಳಿಯಂದಿರ ಜೊತೆ ಹೋದ ದಿನ ನಿನಗೇ ಆಪರೇಷನ್ನಿನ ವರದಿಯ ನಕಲು ಸಿಕ್ಕಿತು. ನೀನು ನೇರ ಬಸ್ ಸ್ಟ್ಯಾಂಡಿಗೆ ಬಂದೆ. ನಾನು ಗಾಜಿನ ಗೂಡಿನಲ್ಲಿ ಕೂತು ನಾಲ್ಕೂವರೆಯ ಬಸ್ಸು ಕೂಗುತ್ತಿದ್ದೆ. ನೀನು ಬಾಗಿಲು ತಳ್ಳಿಕೊಂಡು ಬಂದು ಕಾಗದವನ್ನು ಮೈಕಿನ ಮುಂದೆ ಬಡಿದು, ಗರ್ಭದ ವಿಷಯ ಬರೆದಿದ್ದ ಸಾಲಿನ ಮೇಲೆ ಬೆರಳಿಟ್ಟು ಕೂಗಿದೆ. ಮೈಕು ಆನ್ ಇತ್ತು. ನಿನ್ನ ಆ ಕೂಗು ಹದಿನಾರು ಸ್ಪೀಕರುಗಳಲ್ಲಿ ಇಡೀ ಬಸ್ ಸ್ಟ್ಯಾಂಡಿಗೆ ಕೇಳಿಸಿತು. ಟಿಕೆಟ್ಟಿಗೆ ನಿಂತವರು, ಸಾಮಾನು ಹೊರುವವರು, ಬಸ್ಸಿನ ಕಿಟಕಿಯಲ್ಲಿದ್ದವರು ಎಲ್ಲರೂ ತಲೆ ಎತ್ತಿ ನೋಡಿದರು. ಆಗ ನಾನು ಮೊದಲು ಮಾಡಿದ್ದೇನು ಗೊತ್ತೇ? ನಿನ್ನನ್ನು ಹಿಡಿದುಕೊಳ್ಳಲಿಲ್ಲ. ನಿನ್ನ ಮುಖವನ್ನೂ ನೋಡಲಿಲ್ಲ. ಕೈ ಚಾಚಿ ಮೈಕು ಆರಿಸಿದೆ. ನೀನು ಅದನ್ನು ನೋಡಿದೆ. ನಿನಗೆ ಕೇಳಿಸದಿದ್ದರೂ, ನಾನು ಏನನ್ನು ಮುಚ್ಚಿದೆ ಅಂತ ನಿನಗೆ ಅರ್ಥವಾಯಿತು. ಅವತ್ತು ಹೋದವಳು ಮತ್ತೆ ಈ ಮನೆಗೆ ಬಂದಿಲ್ಲ.

ನೀನು ಆಸ್ಪತ್ರೆಗೆ ದೂರು ಕೊಟ್ಟೆ ಅಂತ ಗೊತ್ತಾದಾಗ ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಜೀವ ಉಳಿಸಿದವರ ಮೇಲೆ ದೂರೇ ಅಂದುಕೊಂಡೆ. ವಿಚಾರಣೆಗೆ ನನ್ನನ್ನೂ ಕರೆದರು. ಉದ್ದ ಮೇಜಿನ ಆ ಕಡೆ ಸೂಪರಿಂಟೆಂಡೆಂಟರು, ಈ ಕಡೆ ನೀನು, ಅಳಿಯಂದಿರು. ಸೂಪರಿಂಟೆಂಡೆಂಟರ ಪಕ್ಕ ಕಪ್ಪು ಅಂಗಿಯ ಒಬ್ಬ ಹೆಂಗಸು ಕೂತಿದ್ದಳು. ನಿನ್ನ ಕೈ ಎದ್ದ ಕೂಡಲೇ ಅವಳು, "ನಾನು ಹಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡ್ತೀನಿ, ನನಗೆ ಇಪ್ಪತ್ತೊಂಬತ್ತು ವರ್ಷ" ಅಂದಳು. ಇದ್ಯಾರಪ್ಪ ತನ್ನ ಕಥೆ ಶುರುಮಾಡಿದಳು ಅಂತ ಒಂದು ಗಳಿಗೆ ಕಕ್ಕಾಬಿಕ್ಕಿಯಾದೆ. ಆಮೇಲೆ ತಿಳಿಯಿತು, ಅವಳು ದುಭಾಷಿ, ಆ 'ನಾನು' ಅಂದರೆ ನೀನು. ನಿನಗೆ ದುಭಾಷಿ ಬೇಕು ಅಂತ ನಮಗೆ ಹೇಗೆ ಗೊತ್ತಾಗಬೇಕು ಅಂತ ಸೂಪರಿಂಟೆಂಡೆಂಟರು ಕೇಳಿದ್ದಕ್ಕೆ ನೀನು, "ಫೈಲಿನ ಮೇಲೆ ಕೆಂಪು ಅಕ್ಷರದಲ್ಲಿ 'ಕಿವುಡು' ಅಂತ ಬರೆದಿದ್ದೀರಲ್ಲ, ಅದನ್ನು ಯಾರಿಗೆ ಅಂತ ಬರೆದಿರಿ? ನನಗಂತೂ ಮೊದಲೇ ಗೊತ್ತಿತ್ತು" ಅಂದೆ. ಮೇಜಿನ ಸುತ್ತ ಇದ್ದವರು ನಗು ತಡೆಯಲಾರದೆ ತಲೆ ತಗ್ಗಿಸಿದರು. ನನ್ನ ಮಗಳು ಇಷ್ಟು ಚೂಟಿ, ಹೀಗೆ ಮಾತಿಗೆ ಮಾತು ಕೊಡುತ್ತಾಳೆ ಅನ್ನುವುದು ನನಗೆ ಅವತ್ತೇ ಗೊತ್ತಾದದ್ದು. ಅದೂ ಇನ್ನೊಬ್ಬಳ ಬಾಯಿಂದ.

ಆಮೇಲೆ ನೀನು ಹೇಳಿದ್ದು ನನಗೆ ಬಾಯಿಪಾಠವಾಗಿದೆ. "ನಾಳ ತೆಗೆಯಲೇಬೇಕಿತ್ತು, ಅದರ ಬಗ್ಗೆ ನನ್ನ ತಕರಾರಿಲ್ಲ. ಕೇಳಿದ್ದರೆ ನಾನೂ ಹೂಂ ಅಂತಿದ್ದೆ. ಆದರೆ ನನ್ನ ಹೊಟ್ಟೆಯಲ್ಲಿ ಏನಿತ್ತು ಅಂತ ವಾರ್ಡಿನಲ್ಲಿ ನೆಲ ಒರೆಸೋರಿಗೂ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಎರಡು ಗಂಟೆ ಟೈಮಿತ್ತು. ಆ ಎರಡು ಗಂಟೆ ನಾನು ತಾಯಿ ಅಂತ ಗೊತ್ತಿದ್ದು ಅಳಬಹುದಿತ್ತು. ಅದನ್ನು ನನ್ನಿಂದ ಯಾಕೆ ಕಿತ್ಕೊಂಡ್ರಿ?" ಅಂದೆ. ಹೇಳುತ್ತಾ ನನ್ನ ಕಡೆ ತೋರಿಸಿ ಕೈಯಲ್ಲಿ ಏನೋ ಮಾಡಿದೆ. ಆ ಹೆಂಗಸು ತಡವರಿಸಿ, ನಿನ್ನನ್ನು ಮತ್ತೆ ಕೇಳಿ, ಮೇಜಿಗೆ ಬಿಡಿಸಿ ಹೇಳಿದಳು: "ಇದು ಅವರ ತಂದೆಗೆ ಅವರು ಇಟ್ಟಿರೋ ಸನ್ನೆ ಹೆಸರು. 'ಆಮೇಲೆ' ಅಂತ ಅರ್ಥ." ನಿನ್ನ ಸ್ನೇಹಿತರ ನಡುವೆ ನಾನು ಆ ಹೆಸರಿನವನೇ? ಎಷ್ಟು ವರ್ಷದಿಂದ? ನೆಂಟರೆಲ್ಲ ಕೂತು ನಗುವಾಗ ನೀನು ನನ್ನ ತೋಳು ತಟ್ಟಿ ಏನು ಅಂತ ಕೇಳುತ್ತಿದ್ದದ್ದು, ನಾನು ಆಮೇಲೆ ಹೇಳುತ್ತೇನೆ ಅಂತ ಕೈ ಬೀಸುತ್ತಿದ್ದದ್ದು, ಒಂದು ಸಲವೂ ಹೇಳದಿದ್ದದ್ದು ಎಲ್ಲ ನೆನಪಾಯಿತು. ಕೂತ ಕುರ್ಚಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಅಷ್ಟಾದ ಮೇಲಾದರೂ ನಿಜ ಹೇಳಬೇಕಿತ್ತು. ಆ ಎತ್ತರದ ನರ್ಸನ್ನು ಕರೆದರು. "ದುಭಾಷಿ ಬೇಕಾ ಅಂತ ಇವರ ತಂದೆಯವರನ್ನ ಎರಡು ಸಲ ಕೇಳಿದೆ, ಬೇಡ ಅಂದ್ರು" ಅಂದಳು. ಸೂಪರಿಂಟೆಂಡೆಂಟರು ನನ್ನ ಕಡೆ ತಿರುಗಿದರು. ನೀನೂ ತಿರುಗಿದೆ. ನಾನು, "ನನ್ನನ್ನ ಯಾರೂ ಕೇಳಲಿಲ್ಲ" ಅಂದೆ. ಮೈಕಿನಲ್ಲಿ ಹೇಳುವಷ್ಟು ಸ್ಪಷ್ಟವಾಗಿ ಅಂದೆ. ಆ ಕಪ್ಪು ಅಂಗಿಯವಳು ನನ್ನ ಸುಳ್ಳನ್ನೂ ಅಚ್ಚುಕಟ್ಟಾಗಿ ನಿನ್ನ ಭಾಷೆಗೆ ತಂದಳು. ನೀನು ನಂಬಿದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ. "ಇವರನ್ನ ಕೇಳಿದ್ರೂ ಅಷ್ಟೇ, ಬಿಟ್ರೂ ಅಷ್ಟೇ, ರೋಗಿ ನಾನು, ನನ್ನನ್ನ ಕೇಳಬೇಕಿತ್ತು" ಅಂತಷ್ಟೇ ಹೇಳಿ ಕೂತೆ. ನೀನು ಹೇಳಿದ್ದೇ ಸರಿ, ಆ ಹಕ್ಕು ನಿನ್ನದು, ಬೇಡ ಅನ್ನೋಕೆ ನಾನು ಯಾರು? ನರ್ಸು ನಿನ್ನನ್ನು ಕೇಳದೆ ಇದ್ದದ್ದು ತಪ್ಪೇ. ಆದರೆ ಅವಳು ಸುಳ್ಳು ಹೇಳಿರಲಿಲ್ಲ. ವಿಚಾರಣೆ ಮುಗಿದು ಹೊರಗೆ ಬಂದಾಗ ನನ್ನ ಮೇಲೆ ಎಗರಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಹತ್ತಿರ ಬಂದು, "ನಿಮ್ಮ ಮಗಳು ತುಂಬಾ ಚೆನ್ನಾಗಿ ಮಾತಾಡ್ತಾರೆ ಸಾರ್" ಅಂತಷ್ಟೇ ಹೇಳಿ ಹೋದಳು. ಮಾರನೇ ವಾರ ಅವಳನ್ನು ಕೆಲಸದಿಂದ ಅಮಾನತು ಮಾಡಿದರು ಅಂತ ಕೇಳಿದೆ.

ಹದಿನೆಂಟು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದೆ. ಮೈಕಿನಲ್ಲಿ ಕೂಗುವುದೆಲ್ಲ ತಪ್ಪುತ್ತಿತ್ತು. ಒಂದು ದಿನವಂತೂ ಎರಡನೇ ಕಟ್ಟೆಯ ಬಸ್ಸನ್ನು ಐದನೇ ಕಟ್ಟೆ ಅಂತ ಕೂಗಿ ನಲವತ್ತು ಜನರನ್ನು ಓಡಾಡಿಸಿದೆ. ಮೊನ್ನೆ ಶುಕ್ರವಾರ ರಜೆ ಹಾಕಿ ಸೂಪರಿಂಟೆಂಡೆಂಟರ ಕೋಣೆಗೆ ಹೋಗಿ ಕೈಯಾರೆ ಬರೆದುಕೊಟ್ಟು ಬಂದೆ: ನರ್ಸು ಎರಡು ಸಲ ಕೇಳಿದ್ದು ನಿಜ, ಬೇಡ ಅಂದವನು ನಾನು, ಮಗಳಿಗೆ ಸುಳ್ಳು ಬರೆದು ಸಹಿ ಹಾಕಿಸಿದವನು ನಾನು, ವಿಚಾರಣೆಯಲ್ಲಿ ಸುಳ್ಳು ಹೇಳಿದವನೂ ನಾನು. ಅವರು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಈ ವಯಸ್ಸಲ್ಲಿ ಹೀಗೆ ಬರೆದುಕೊಡೋರು ಕಮ್ಮಿ" ಅಂದರು. ಅದನ್ನು ಹೊಗಳಿಕೆ ಅಂತ ತಗೊಳ್ಳುವ ಮುಖ ನನಗಿರಲಿಲ್ಲ. ನರ್ಸಿನ ಅಮಾನತು ಸೋಮವಾರಕ್ಕೆ ರದ್ದಾಗುತ್ತದಂತೆ. ಇನ್ನು ಮುಂದೆ ಕಿವಿ ಕೇಳದ ರೋಗಿ ಬಂದರೆ ನೆಂಟರನ್ನು ಕೇಳುವ ಹಾಗಿಲ್ಲ, ಸನ್ನೆಯ ಚಿತ್ರವಿರುವ ಕಾರ್ಡು ತೋರಿಸಿ ರೋಗಿಯನ್ನೇ ಕೇಳಬೇಕು ಅಂತ ಆದೇಶ ಮಾಡಿದ್ದಾರೆ. ಕಾರ್ಡು ನೋಡಿ ಬಂದೆ. ನೀನು ದೂರು ಕೊಟ್ಟದ್ದಕ್ಕೇ ಅದು ಆದದ್ದು. ಸಿಟ್ಟು ಮಾಡಿಕೊಂಡಿದ್ದೆನಲ್ಲ, ಅದಕ್ಕೂ ನಾಚಿಕೆಯಾಗುತ್ತದೆ.

ಬರುವ ಗುರುವಾರ ಹತ್ತು ಗಂಟೆಗೆ ಎರಡನೇ ವಿಚಾರಣೆ. ಬರೆದುಕೊಟ್ಟದ್ದನ್ನು ನರ್ಸಿನ ಎದುರಿಗೆ, ನಿನ್ನ ಎದುರಿಗೆ ಬಾಯಿಬಿಟ್ಟು ಹೇಳುತ್ತೇನೆ. ದುಭಾಷಿ ಬರುತ್ತಾಳೆ, ಒಂದು ಮಾತೂ ತಪ್ಪದೆ ನಿನಗೆ ಮುಟ್ಟುತ್ತದೆ. ಬರುವುದು ಬಿಡುವುದು ನಿನ್ನಿಷ್ಟ. ಕ್ಷಮಿಸು ಅಂತ ಕೇಳುವುದಿಲ್ಲ, ಕೇಳಿದರೆ ಕ್ಷಮಿಸುವ ಭಾರವನ್ನೂ ನಿನ್ನ ತಲೆಗೇ ಕಟ್ಟಿದ ಹಾಗಾಗುತ್ತದೆ. ಅಳಿಯಂದಿರಿಗೆ ನಾನು ಬೇರೆಯಾಗಿ ಬರೆಯುತ್ತೇನೆ. ಅವರ ಮಗುವೂ ಅಲ್ಲವೇ ಅದು?

ನೀವಿಬ್ಬರೂ ನೂರು ಕಾಲ ಸುಖವಾಗಿರಿ. ನನ್ನ ಮೇಲಿನ ಸಿಟ್ಟಿನಲ್ಲಿ ಊಟ ಬಿಡಬೇಡ.

ನಿನ್ನ
ಅಪ್ಪ

ಮರೆತಿದ್ದೆ ಅಂತ ಬರೆಯಲು ಹೊರಟೆ, ಮರೆತಿರಲಿಲ್ಲ, ಧೈರ್ಯ ಬಂದಿರಲಿಲ್ಲ. ಲಕೋಟೆ ಅಂಟಿಸುವ ಮುಂಚೆ ನಿಂತುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದೆ. ಅವತ್ತಿನ ಸ್ಕ್ಯಾನಿನ ಒಂದು ಚಿತ್ರ ನಿನ್ನ ಫೈಲಿನಲ್ಲಿತ್ತು. ನಿನ್ನ ಕಣ್ಣಿಗೆ ಬೀಳಬಾರದು ಅಂತ ನಾನು ಕಿತ್ತು ಇಟ್ಟುಕೊಂಡಿದ್ದೆ. ಅಂಗೈಯಷ್ಟು ಕಾಗದ, ಕಪ್ಪು ಬಣ್ಣದ ನಡುವೆ ಅವರೆಕಾಳಿನಷ್ಟು ಬೆಳ್ಳಗೆ ಕಾಣುತ್ತದೆ. ಇದು ನಿನ್ನದು. ಕೇಳದೆ ಈ ಲಕೋಟೆಯಲ್ಲಿ ಹಾಕಿ ಕಳಿಸುವುದೂ ತಪ್ಪು, ಕೇಳದೆ ನನ್ನ ಹತ್ತಿರವೇ ಇಟ್ಟುಕೊಳ್ಳುವುದೂ ತಪ್ಪು. ನಿನಗೆ ಇದು ಬೇಕೇ ಮಗಳೇ?