ತೆಳುಹಾಳೆಯ ಕೆಳಗಿನ ಕುರ್ಚಿ

ನವೆಂಬರ್ ೧೪, ಶುಕ್ರವಾರ.

ಆ ಕುರ್ಚಿ ತಲೆಯಿಂದ ಹೋಗುತ್ತಿಲ್ಲ. ಮೊನ್ನೆ ಕೊಂಡ ಹಳೆಯ ಚಿತ್ರಪುಸ್ತಕದ ಒಂದು ಚಿತ್ರದಲ್ಲಿ ಅದು ಖಾಲಿ ಕುರ್ಚಿ. ಚಿತ್ರದ ಮೇಲೆ ಹೊದಿಸಿ ಅದನ್ನು ಕಾಯುವ ತೆಳುಹಾಳೆಗೆ ವರ್ಷಗಟ್ಟಲೆ ಮಸಿ ತಗುಲಿ ಅದೇ ಚಿತ್ರ ಮಸುಕಾಗಿ ಮೂಡುವುದು ಮಾಮೂಲು. ಆದರೆ ಈ ತೆಳುಹಾಳೆಯಲ್ಲಿ ಮೂಡಿದ ಕುರ್ಚಿಯಲ್ಲಿ ಒಬ್ಬ ಮುದುಕಿ ಕೂತಿದ್ದಾಳೆ.

ಚಿತ್ರದ ಪುಟವನ್ನು ಯಾರೋ ಬದಲಾಯಿಸಿರಬೇಕೆಂದು ಪುಸ್ತಕ ಹೊಲಿಯುವ ಬೈಂಡರನಿಗೆ ತೋರಿಸಿದೆ. “ಇಲ್ಲ ಸಾರ್, ಹೊಲಿಗೆ ಮೊದಲಿಂದ್ಲೂ ಇರೋದೇ. ಯಾರೂ ಕೈ ಹಾಕಿಲ್ಲ” ಎಂದ.

“ಕೂತು ಕೂತು ಸಾಕಾಗಿ ಎದ್ದು ಹೋಗಿರ್ತಾಳೆ ಬಿಡಿ” ಎಂದು ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ.

ಈಗ ಹೆಂಡತಿಗೆ ಗಾಢ ನಿದ್ದೆ. ಮನೆಯಲ್ಲಿ ನಮ್ಮಿಬ್ಬರನ್ನು ಬಿಟ್ಟು ಬೇರೆ ಯಾರೂ ಇಲ್ಲ. ಆದರೂ ಹಜಾರದಲ್ಲಿ ಯಾರೋ ಕಾಲೆಳೆದುಕೊಂಡು ಓಡಾಡುವ ಸದ್ದು. ಪುಸ್ತಕದ ಬೆನ್ನು ಮುರಿಯುತ್ತದೆಂದು, ತೆರೆದಿಟ್ಟವರಿಗೆಲ್ಲ ಬೈಯುವ ನಾನು ಇವತ್ತು ಇದನ್ನು ಆ ಕುರ್ಚಿಯ ಪುಟಕ್ಕೆ ತೆರೆದೇ ಇಟ್ಟು ಮಲಗುತ್ತೇನೆ. ವಯಸ್ಸಾದವಳು, ಎಷ್ಟು ಹೊತ್ತು ಅಂತ ನಿಂತಾಳು?